ಕೊಳಾಲಕ್ಕೊಂದು ಟಿ.ಟಿ. ಟೇಬಲ್

ಭಾವಿನಾ ಪಟೇಲ್ ಅಹಮದಾಬಾದಿನ ಅಂಧಜನ ಮಂಡಳಕ್ಕೆ ಬಂದದ್ದು ಕಂಪ್ಯೂಟರ್ ಕಲಿಯಲು. ಗುಜರಾತಿನ ಮೆಹಸಾಣಾ ಜಿಲ್ಲೆಯ ಸುಂಢಿಯಾ ಎಂಬ ಹಳ್ಳಿಯ ಹುಡುಗಿ. ಒಂದು ವರ್ಷದ ಕೂಸಾಗಿದ್ದಾಗಲೇ ಪೋಲಿಯೊ ಕಾಲುಗಳ ಶಕ್ತಿ ಕಿತ್ತುಕೊಂಡಿತ್ತು. ಅಪ್ಪನದು ಊರಿನಲ್ಲೊಂದು ಚಿಕ್ಕ ಅಂಗಡಿ. 2004ರ ಸುಮಾರಿಗೆ ಮಗಳನ್ನು ಆ ಸಂಸ್ಥೆಯ ಐ.ಟಿ.ಐ. ಕೋರ್ಸಿಗೆ ಸೇರಿಸಿದರು. ಅಲ್ಲಿ ಒಂದು ಟೇಬಲ್ ಟೆನಿಸ್ ಟೇಬಲ್ ಇತ್ತು, ಆಡುವ ಮಕ್ಕಳಿದ್ದರು, ಕಲಿಸಲು ಲಲನ್ ದೋಷಿ ಎಂಬ ತರಬೇತುದಾರರಿದ್ದರು. ಹೀಗೆ ಬ್ಯಾಟು ಹಿಡಿದ ಹುಡುಗಿ 2021ರಲ್ಲಿ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. 2022ರ ಆಗಸ್ಟ್ 6ರಂದು ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು.

ಪದಕಗಳ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದವು. ನನ್ನ ಗಮನ ಮಾತ್ರ ಮತ್ತೆ ಮತ್ತೆ ಹೋಗುವುದು ಆ ಟೇಬಲ್ ಕಡೆಗೆ. ಪ್ರತಿಭೆ ಹುಡುಕಿಕೊಂಡು ಯಾರೂ ಸುಂಢಿಯಾಕ್ಕೆ ಹೋಗಿರಲಿಲ್ಲ. ಬೇರೆ ಕೆಲಸಕ್ಕೆಂದು ಬಂದ ಕಡೆ ಆಟದ ಸಲಕರಣೆ ಕಣ್ಣಿಗೆ ಬಿತ್ತು, ಕೈಗೆ ಸಿಕ್ಕಿತು. ಒಬ್ಬ ಆಟಗಾರ್ತಿ ಹುಟ್ಟಲು ಆರಂಭದಲ್ಲಿ ಬೇಕಾಗಿದ್ದು ಅಷ್ಟೇ. ಕೊಳಾಲದ ಮಾತು ಹೇಳಬೇಕೆಂದೇ ಇಷ್ಟು ದೂರದಿಂದ ಶುರು ಮಾಡಿದ್ದೇನೆ.

ಕೊಳಾಲ ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ಸುತ್ತಲಿನ ಹಳ್ಳಿಗಳ ಜನ ಇಲ್ಲಿಗೆ ಬಂದೇ ಬರುತ್ತಾರೆ: ಮಾಸಾಶನಕ್ಕೆ ನಾಡಕಚೇರಿ, ಔಷಧಿಗೆ ಸರ್ಕಾರಿ ಆಸ್ಪತ್ರೆ, ದುಡ್ಡಿಗೆ ಬ್ಯಾಂಕು, ಮಕ್ಕಳಿಗೆ ಹೈಸ್ಕೂಲು. ವಿಕಲಚೇತನರೂ ಬರುತ್ತಾರೆ, ಕೆಲವರು ಸರ್ಕಾರ ಕೊಟ್ಟ ಹೆಚ್ಚುವರಿ ಚಕ್ರದ ಸ್ಕೂಟರಿನಲ್ಲಿ, ಕೆಲವರು ಕೈಯಿಂದ ತಿರುಗಿಸುವ ಮೂರು ಚಕ್ರದ ಸೈಕಲ್ಲಿನಲ್ಲಿ, ಹಲವರು ಮನೆಯವರ ಹೆಗಲಿಗೆ ಕೈ ಹಾಕಿ. ಬಂದ ಕೆಲಸ ಮುಗಿಸುತ್ತಾರೆ, ಹೊರಡುತ್ತಾರೆ. ಕುಳಿತು ಅರ್ಧ ತಾಸು ಆಡಿ ಹೋಗುವಂಥದ್ದು ಅವರಿಗಾಗಿ ಇಲ್ಲಿ ಏನಿದೆ?

ಶಾಲೆಯ ಲೆಕ್ಕದಲ್ಲಿ ಕೊಳಾಲ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿ ಒಂದು ಜಿಲ್ಲೆ. ಪ್ರತಿ ವರ್ಷ ಹೋಬಳಿ ಮಟ್ಟದ ಕ್ರೀಡಾಕೂಟ ನಡೆಯುತ್ತದೆ, ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಮಧುಗಿರಿಗೆ, ಮುಂದೆ ವಿಭಾಗಕ್ಕೆ, ರಾಜ್ಯಕ್ಕೆ. ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್, ಓಟ, ಜಿಗಿತ. ಮೈದಾನದ ತುಂಬ ಗದ್ದಲ. ಕಾಲೆಳೆದು ನಡೆಯುವ ಹುಡುಗನಿಗೆ ಆ ದಿನ ಸಿಗುವ ಕೆಲಸವೆಂದರೆ ಗೆಳೆಯರ ಚಪ್ಪಲಿ, ಬ್ಯಾಗು ಕಾಯುವುದು, ಇಲ್ಲವೇ ಸ್ಕೋರ್ ಬರೆಯುವುದು. ಅವನಿಗೆ ಬೇರೆಯೇ ಒಂದು ದಿನವಿದೆ: ಡಿಸೆಂಬರ್ 3, ವಿಶ್ವ ವಿಕಲಚೇತನರ ದಿನ. ಅಂದು ನಿಂಬೆಹಣ್ಣು-ಚಮಚದ ಓಟ, ಮ್ಯೂಸಿಕಲ್ ಚೇರ್, ಒಂದು ಸ್ಟೀಲ್ ಡಬ್ಬಿ ಬಹುಮಾನ, ಒಂದು ಫೋಟೊ. ಅದನ್ನು ಮಾಡುವವರ ಮನಸ್ಸು ಒಳ್ಳೆಯದೇ, ಅನುಮಾನವಿಲ್ಲ. ಆದರೆ ವರ್ಷಕ್ಕೊಮ್ಮೆ ಆಡುವುದರಿಂದ ಯಾವ ಮಗುವಿಗೂ ಆಟ ಹತ್ತುವುದಿಲ್ಲ. ಅಭ್ಯಾಸವಿರಬೇಕು, ಸೋಲಬೇಕು, ನಾಳೆ ಮತ್ತೆ ಬಂದು ನೋಡಿಕೊಳ್ಳುತ್ತೇನೆ ಎಂಬ ಛಲ ಹುಟ್ಟಬೇಕು. ಅದಕ್ಕೆ ದಿನವೂ ತೆರೆದಿರುವ ಜಾಗ ಬೇಕು.

ಟೇಬಲ್ ಟೆನಿಸ್ಸನ್ನೇ ಏಕೆ ಹೇಳುತ್ತಿದ್ದೇನೆ ಎಂಬುದಕ್ಕೆ ಬರುತ್ತೇನೆ. ಅದಕ್ಕೆ ಮೊದಲು, ಈ ಆಟದಲ್ಲಿ ಯಾರು ಯಾರೆದುರು ಆಡುತ್ತಾರೆ ಎಂಬುದು ತಿಳಿಯಬೇಕು. ಟಿ.ವಿ.ಯಲ್ಲಿ ನೋಡುವವರಿಗೆ ಬಹಳ ಗೊಂದಲವಾಗುವುದು ಅಲ್ಲೇ.

ಪ್ಯಾರಾ ಟೇಬಲ್ ಟೆನಿಸ್‌ನಲ್ಲಿ ಒಟ್ಟು 11 ವರ್ಗಗಳಿವೆ. 1ರಿಂದ 5 ಗಾಲಿಕುರ್ಚಿಯಲ್ಲಿ ಕುಳಿತು ಆಡುವವರದು. 6ರಿಂದ 10 ನಿಂತು ಆಡುವವರದು. 11ನೆಯದು ಬುದ್ಧಿಶಕ್ತಿಯ ಕೊರತೆಯುಳ್ಳವರದು. ಕುಳಿತವರಲ್ಲಾಗಲಿ ನಿಂತವರಲ್ಲಾಗಲಿ, ಸಂಖ್ಯೆ ಕಡಿಮೆಯಾದಷ್ಟೂ ದೇಹದ ತೊಂದರೆ ಹೆಚ್ಚು. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಕಟ್ಟುವ ಹಾಗೆ ಇಲ್ಲಿ ದೇಹದ ಶಕ್ತಿ ನೋಡಿ ಜೋಡಿ ಕಟ್ಟುತ್ತಾರೆ.

ನಮ್ಮ ಸೀಮೆಯ ಉದಾಹರಣೆಯಲ್ಲೇ ಇದನ್ನು ನೋಡೋಣ. ಬೇಸಿಗೆಯ ಮುಂಚೆ ಹುಣಸೆ ಬಡಿಯುವ ಕಾಲ ಬರುತ್ತದೆ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಹುಣಸೆ, ತೆಂಗು ಇರುವ ಯಾವ ಸೀಮೆಯಲ್ಲೂ ಸಿಗುತ್ತಾರೆ. ಪೆಟ್ಟು ಕುತ್ತಿಗೆಯ ಮಟ್ಟದಲ್ಲಿ ಆಗಿದ್ದರೆ ಕಾಲು, ಸೊಂಟದ ಜೊತೆ ಕೈಯ ಬಲವೂ ಹೋಗಿರುತ್ತದೆ. ಬೆರಳು ಮಡಚಲಾಗದು, ಬ್ಯಾಟನ್ನು ಕೈಗೆ ಪಟ್ಟಿಯಿಂದ ಕಟ್ಟಿಕೊಳ್ಳಬೇಕು. ಅಂಥವರು 1 ಅಥವಾ 2ನೇ ವರ್ಗ. ಪೆಟ್ಟು ಎದೆಯ ಮಟ್ಟದಲ್ಲಾಗಿದ್ದರೆ ಕೈಗಳು ಚೆನ್ನಾಗಿರುತ್ತವೆ, ಆದರೆ ಮುಂಡ ನಿಲ್ಲುವುದಿಲ್ಲ. ಮುಂದೆ ಬಾಗಿದರೆ ಕೈಯೂರದೆ ಮೇಲೇಳಲಾಗದು. ಅದು 3ನೇ ವರ್ಗ. ಇನ್ನೂ ಕೆಳಗೆ ಆಗಿದ್ದರೆ ಕುಳಿತಲ್ಲಿ ತಕ್ಕಮಟ್ಟಿನ ಹಿಡಿತವಿರುತ್ತದೆ, ಸೊಂಟ ಮಾತ್ರ ಭದ್ರವಿಲ್ಲ: 4ನೇ ವರ್ಗ. ಮುಂಡವೆಲ್ಲ ಗಟ್ಟಿಯಿದ್ದು ಕಾಲಷ್ಟೇ ಸೋತಿದ್ದರೆ 5. ಪೋಲಿಯೊ ಆದವರು ಎಷ್ಟು ಸ್ನಾಯು ಉಳಿದಿದೆ ಎಂಬುದರ ಮೇಲೆ ಕುಳಿತು ಆಡುವ ವರ್ಗಕ್ಕೋ ನಿಂತು ಆಡುವ ವರ್ಗಕ್ಕೋ ಹೋಗುತ್ತಾರೆ. ಭಾವಿನಾ ಆಡುವುದು 4ನೇ ವರ್ಗದಲ್ಲಿ. ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಎರಡೂ ಬಿಗಿದುಕೊಂಡಿರುವ, ಆದರೂ ನಿಂತು ಆಡಬಲ್ಲ ಮಗು 6ನೇ ವರ್ಗದ ಆಸುಪಾಸಿನಲ್ಲಿ ಬರಬಹುದು. ಬ್ಯಾಟು ಹಿಡಿಯದ ಕೈಯಲ್ಲಿ ಮುಂಗೈ ಇಲ್ಲದ, ಉಳಿದಂತೆ ಗಟ್ಟಿಮುಟ್ಟಾದ ಹುಡುಗಿ 9 ಅಥವಾ 10.

ವಿಕಲಚೇತನರಿಗೆ ಕೊಡುವ ಯು.ಡಿ.ಐ.ಡಿ. ಕಾರ್ಡಿನಲ್ಲಿ ಬರೆದ ಶೇಕಡಾವಾರು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಶೇ 40 ಮುಟ್ಟಿದರೆ ಕಾನೂನಿನ ಸೌಲಭ್ಯ ಸಿಗುತ್ತದೆ, ಮಾಸಾಶನಕ್ಕೂ ಬಸ್ ಪಾಸಿಗೂ ಆ ಸಂಖ್ಯೆ ಬೇಕು. ಆಟದ ವರ್ಗ ನಿರ್ಧರಿಸುವ ತಜ್ಞರು ಸ್ನಾಯುಗಳ ಬಲ, ಕೀಲುಗಳ ಚಲನೆ, ಕುಳಿತ ಸಮತೋಲನ ಇವನ್ನೆಲ್ಲ ತಾವೇ ಪರೀಕ್ಷಿಸುತ್ತಾರೆ, ಆಮೇಲೆ ಆಡುವುದನ್ನು ನಿಂತು ನೋಡುತ್ತಾರೆ. ಪರೀಕ್ಷೆಯ ಮೇಜಿನ ಮೇಲೆ ಕೈ ಎತ್ತಲಾಗದವರು ಪಂದ್ಯದಲ್ಲಿ ಸಲೀಸಾಗಿ ಎತ್ತಿದರೆ ವರ್ಗ ಬದಲಾಗುತ್ತದೆ. ಕೆಲವರ ಊನ ನಿಯಮದ ಕನಿಷ್ಠ ಮಟ್ಟವನ್ನು ಮುಟ್ಟದೆ ಅವರಿಗೆ ಅವಕಾಶವೇ ಸಿಗದಿರುವುದೂ ಉಂಟು. ಕಿವಿ ಕೇಳದವರಿಗೆ ಇಲ್ಲಿ ವರ್ಗವಿಲ್ಲ, ಅವರ ಟೇಬಲ್ ಟೆನಿಸ್ ಇರುವುದು ಡೆಫ್ಲಿಂಪಿಕ್ಸ್‌ನಲ್ಲಿ. ತಂದೆತಾಯಿಗೆ ಇದನ್ನು ಮೊದಲೇ ಬಿಡಿಸಿ ಹೇಳುವವರು ಬೇಕು. ಆಸೆ ಹುಟ್ಟಿಸಿ ಕೊನೆಗೆ ನಿಯಮ ತೋರಿಸುವುದು ಕ್ರೂರ.

ಕಾಮನ್‌ವೆಲ್ತ್ ಕೂಟದಲ್ಲಿ ಇನ್ನೊಂದು ತೊಡಕಿದೆ. ಪ್ಯಾರಾಲಿಂಪಿಕ್ಸ್ ಒಲಿಂಪಿಕ್ಸ್ ಮುಗಿದ ಮೇಲೆ ಪ್ರತ್ಯೇಕವಾಗಿ ನಡೆಯುತ್ತದೆ. ಕಾಮನ್‌ವೆಲ್ತ್‌ನಲ್ಲಿ 2002ರ ಮ್ಯಾಂಚೆಸ್ಟರ್ ಕೂಟದಿಂದ ಊನವಿರುವವರಿಗೂ ಇಲ್ಲದವರಿಗೂ ಒಂದೇ ಕೂಟ, ಒಂದೇ ತಂಡ. ಪ್ಯಾರಾ ಆಟಗಾರರ ಪದಕವೂ ದೇಶದ ಪಟ್ಟಿಗೇ ಸೇರುತ್ತದೆ. ಈ ವ್ಯವಸ್ಥೆ ನನಗೆ ಬಹಳ ಇಷ್ಟ. ಆದರೆ ಸ್ಪರ್ಧೆಗಳ ಸಂಖ್ಯೆ ಕಡಿಮೆ, ಆದ್ದರಿಂದ ವರ್ಗಗಳನ್ನು ಕೂಡಿಸುತ್ತಾರೆ. ಬರ್ಮಿಂಗ್‌ಹ್ಯಾಂನಲ್ಲಿ ಭಾವಿನಾ ಗೆದ್ದದ್ದು 3ರಿಂದ 5ನೇ ವರ್ಗದವರು ಒಟ್ಟಾಗಿ ಆಡಿದ ಸಿಂಗಲ್ಸ್. ಅಂದರೆ ಮುಂಡದ ಹಿಡಿತ ತಮಗಿಂತ ಹೆಚ್ಚಿರುವವರೂ ಎದುರಿರಬಹುದು. ಫೈನಲ್‌ನಲ್ಲಿ ನೈಜೀರಿಯಾದ ಕ್ರಿಸ್ಟಿಯಾನಾ ಇಕ್ಪೆಯೋಯಿ ಅವರನ್ನು 12-10, 11-2, 11-9ರಿಂದ ಸೋಲಿಸಿದರು. ಅದೇ ಸ್ಪರ್ಧೆಯಲ್ಲಿ ಗುಜರಾತಿನವರೇ ಆದ, 3ನೇ ವರ್ಗದ ಸೋನಲ್‌ಬೆನ್ ಪಟೇಲ್ ಕಂಚು ಗೆದ್ದರು. ಮೂರನೇ ವರ್ಗದವರಿಗೆ ಅದು ಎಷ್ಟು ಕಷ್ಟದ ಕಂಚು ಎಂಬುದು ಮೇಲಿನ ವಿವರಣೆ ಓದಿದವರಿಗೆ ಗೊತ್ತಾಗುತ್ತದೆ.

ಆಟ ಹೇಗೆ ನಡೆಯುತ್ತದೆ? ಟೇಬಲ್ ಅದೇ: ಉದ್ದ 2.74 ಮೀಟರ್, ಅಗಲ 1.525 ಮೀಟರ್, ಎತ್ತರ 76 ಸೆಂ.ಮೀ., ನೆಟ್ 15.25 ಸೆಂ.ಮೀ. ಚೆಂಡೂ ಅದೇ, 2.7 ಗ್ರಾಂ ತೂಕದ್ದು. 11 ಅಂಕದ ಗೇಮ್. ಹೆಚ್ಚಿನ ನಿಯಮಗಳೂ ಅವೇ. ಆದರೆ ಕುಳಿತವರು ಪಕ್ಕಕ್ಕೆ ಜಿಗಿಯಲಾರರು, ನೆಟ್ ಹತ್ತಿರ ಬಿದ್ದ ಚೆಂಡಿಗೆ ಮುನ್ನುಗ್ಗಲಾರರು. ಹಾಗಾಗಿ ಸರ್ವ್‌ಗೆ ಕೆಲವು ಕಟ್ಟುಪಾಡುಗಳಿವೆ. ಸಿಂಗಲ್ಸ್‌ನಲ್ಲಿ ಸರ್ವ್ ಮಾಡಿದ ಚೆಂಡು ಎದುರಾಳಿಯ ಅಂಕಣದಲ್ಲಿ ಪುಟಿದು ಪಕ್ಕದ ಗೆರೆಯಿಂದ ಹೊರಹೋದರೆ, ಪುಟಿದು ನೆಟ್ ಕಡೆಗೇ ಹಿಂದಿರುಗಿದರೆ, ಅಥವಾ ಟೇಬಲ್ ಮೇಲೇ ನಿಂತುಬಿಟ್ಟರೆ ಅದು ಲೆಟ್. ಮತ್ತೆ ಸರ್ವ್ ಮಾಡಬೇಕು. ಹಿಂಬದಿಯ ಅಂಚು ದಾಟುವಂತೆ ಸರ್ವ್ ಇರಬೇಕು ಎಂಬುದು ಒಟ್ಟು ಅರ್ಥ.

ಸರ್ವ್ ಮುಗಿದ ಮೇಲೆ ಈ ರಿಯಾಯಿತಿ ಇಲ್ಲ. ರ್‍ಯಾಲಿ ನಡೆಯುವಾಗ ಪಕ್ಕಕ್ಕೆ ಓಡುವ ಚೆಂಡು ಕೊಡಬಹುದು, ನೆಟ್ ಪಕ್ಕದಲ್ಲೇ ಬೀಳಿಸಬಹುದು. 1, 2ನೇ ವರ್ಗದ ಪಂದ್ಯ ನೋಡಿದರೆ ಇದರ ಸೊಗಸು ತಿಳಿಯುತ್ತದೆ. ಚೆಂಡನ್ನು ಎತ್ತರಕ್ಕೆ ತೇಲಿಸಿ ಕಳಿಸುತ್ತಾರೆ. ಅದು ಆ ಕಡೆ ಪುಟಿದು, ಹಿಂದಕ್ಕೆ ಸುತ್ತಿದ ಸ್ಪಿನ್ನಿನ ಬಲದಿಂದ ನೆಟ್ ದಾಟಿ ವಾಪಸ್ಸು ಬಂದುಬಿಡುತ್ತದೆ. ಎದುರಾಳಿಯ ಕೈ ಅಷ್ಟು ದೂರ ಚಾಚುವುದರೊಳಗೆ ಅಂಕ ಹೋಗಿರುತ್ತದೆ. ವೇಗವಿಲ್ಲ, ಅಬ್ಬರವಿಲ್ಲ, ಎದುರಿನವರ ತೋಳಿನ ಅಳತೆ ಎಷ್ಟು ಎಂಬ ಲೆಕ್ಕವೇ ಅಲ್ಲಿ ಅಸ್ತ್ರ. 4, 5ನೇ ವರ್ಗದಲ್ಲಿ ಹೊಡೆತ ಬಿರುಸು. ಒಂದು ಕೈಯಲ್ಲಿ ಬ್ಯಾಟು, ಇನ್ನೊಂದು ಚಕ್ರದ ಮೇಲೆ ಅಥವಾ ಕುರ್ಚಿಯ ಅಂಚಿನ ಮೇಲೆ. ದೇಹದ ನೇರಕ್ಕೆ, ಫೋರ್‌ಹ್ಯಾಂಡೋ ಬ್ಯಾಕ್‌ಹ್ಯಾಂಡೋ ಎಂದು ತೀರ್ಮಾನಿಸಲಾಗದ ಜಾಗಕ್ಕೆ ಬರುವ ಚೆಂಡೇ ಅಪಾಯ. ನಿಂತವರು ಒಂದು ಹೆಜ್ಜೆ ಸರಿದು ಜಾಗ ಮಾಡಿಕೊಳ್ಳುತ್ತಾರೆ, ಕುಳಿತವರಿಗೆ ಆ ಹೆಜ್ಜೆ ಇಲ್ಲ. ಬ್ಯಾಟಿನ ಒಂದು ಬದಿಗೆ ಉದ್ದ ಮೊಳೆಯ ಪಿಂಪಲ್ ರಬ್ಬರ್ ಹಾಕಿ ಚೆಂಡಿನ ಲಯ ಕೆಡಿಸುವವರು ಈ ವರ್ಗಗಳಲ್ಲಿ ಬಹಳ.

ಕುರ್ಚಿಗೂ ನಿಯಮವಿದೆ. ಎರಡು ದೊಡ್ಡ ಚಕ್ರ, ಒಂದಾದರೂ ಚಿಕ್ಕ ಚಕ್ರ ಇರಬೇಕು. ಕೂರುವ ದಿಂಬು ಹೆಚ್ಚೆಂದರೆ ಎರಡು, ಒಟ್ಟು ದಪ್ಪ 15 ಸೆಂ.ಮೀ. ಮೀರಬಾರದು. ಆಡುವಾಗ ಕಾಲು ನೆಲಕ್ಕೆ ತಾಗಬಾರದು. ಹೊಡೆದ ಮೇಲೆ ಸಮತೋಲ ತಪ್ಪಿದರೆ ಬ್ಯಾಟು ಹಿಡಿದ ಕೈಯಿಂದ ಟೇಬಲ್ ಮುಟ್ಟಿ ಸರಿಪಡಿಸಿಕೊಳ್ಳಬಹುದು, ಟೇಬಲ್ ಅಲ್ಲಾಡಬಾರದು ಅಷ್ಟೆ. ಸರ್ವ್‌ಗೆ ಚೆಂಡನ್ನು ಅಂಗೈ ಮೇಲಿಟ್ಟು 16 ಸೆಂ.ಮೀ. ಮೇಲೆ ಎಸೆಯಬೇಕೆಂಬ ನಿಯಮವನ್ನು ಪಾಲಿಸಲು ದೇಹ ಬಿಡದಿದ್ದರೆ ಅಂಪೈರ್ ಸಡಿಲಿಸುತ್ತಾರೆ. ಈಜಿಪ್ಟಿನ ಇಬ್ರಾಹಿಂ ಹಮಾದ್ತೂ ಅವರಿಗೆ ಎರಡೂ ಕೈಗಳಿಲ್ಲ. ಬ್ಯಾಟನ್ನು ಬಾಯಲ್ಲಿ ಕಚ್ಚಿ ಹಿಡಿದು, ಕಾಲ್ಬೆರಳಲ್ಲಿ ಚೆಂಡನ್ನು ಮೇಲೆ ಚಿಮ್ಮಿ ಸರ್ವ್ ಮಾಡುತ್ತಾರೆ. 2016ರ ರಿಯೊ, ಆಮೇಲೆ ಟೋಕಿಯೊ, ಎರಡೂ ಪ್ಯಾರಾಲಿಂಪಿಕ್ಸ್‌ನಲ್ಲಿ ಆಡಿದರು.

ಇನ್ನು ನತಾಲಿಯಾ ಪಾರ್ತಿಕಾ. ಪೋಲೆಂಡಿನವರು, ಬಲಗೈಯಲ್ಲಿ ಮುಂಗೈ ಇಲ್ಲದೆ ಹುಟ್ಟಿದವರು. 2004ರಿಂದ 2016ರವರೆಗೆ ಸತತ ನಾಲ್ಕು ಪ್ಯಾರಾಲಿಂಪಿಕ್ಸ್‌ನಲ್ಲಿ 10ನೇ ವರ್ಗದ ಸಿಂಗಲ್ಸ್ ಚಿನ್ನ. ಅದರ ಜೊತೆಗೇ 2008ರ ಬೀಜಿಂಗ್‌ನಿಂದ ಒಲಿಂಪಿಕ್ಸ್‌ನಲ್ಲೂ ತಮ್ಮ ದೇಶಕ್ಕೆ ಆಡಿದರು. ಹೈಸ್ಕೂಲಿನ ಟಿ.ಟಿ. ತಂಡಕ್ಕೆ ಮಕ್ಕಳನ್ನು ಆರಿಸುವ ದೈಹಿಕ ಶಿಕ್ಷಕರಿಗೆ ಇದೊಂದು ಸಂಗತಿ ಗೊತ್ತಿದ್ದರೆ ಸಾಕು, ಒಂದು ಕೈಯ ಹುಡುಗಿಯನ್ನು ಪ್ರೇಕ್ಷಕರ ಸಾಲಿಗೆ ಕಳಿಸಲಾರರು.

ಈ ಆಟದ ಇತಿಹಾಸವೂ ಆಸ್ಪತ್ರೆಯ ವಾರ್ಡಿನಿಂದಲೇ ಹೊರಟದ್ದು. ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿ ತುಂಡಾದ ಸೈನಿಕರನ್ನು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಿದ್ದವರು ಡಾ. ಲುಡ್ವಿಗ್ ಗುಟ್ಮನ್. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಬಂದ ಯಹೂದಿ ವೈದ್ಯ. ಅದಕ್ಕೆ ಮುಂಚೆ ಇಂಥ ರೋಗಿಗಳನ್ನು ಮಲಗಿಸಿ, ಹಾಸಿಗೆ ಹುಣ್ಣೋ ಮೂತ್ರದ ಸೋಂಕೋ ಕೊಂಡೊಯ್ಯುವವರೆಗೆ ಕಾಯುವುದೇ ರೂಢಿ. ಗುಟ್ಮನ್ ಈ ರೋಗಿಗಳನ್ನು ಎಬ್ಬಿಸಿ ಕೂರಿಸಿದರು, ಆಡಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆಸ್ಪತ್ರೆಯ ಅಂಗಳದಲ್ಲಿ 16 ಮಂದಿಯ ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. ಅದೇ ಬೆಳೆದು 1960ರಲ್ಲಿ ರೋಮ್‌ನ ಮೊದಲ ಪ್ಯಾರಾಲಿಂಪಿಕ್ಸ್ ಆಯಿತು. ಆ ಮೊದಲ ಕೂಟದಲ್ಲೇ ಟೇಬಲ್ ಟೆನಿಸ್ ಇತ್ತು. ಒಲಿಂಪಿಕ್ಸ್‌ಗೆ ಟೇಬಲ್ ಟೆನಿಸ್ ಬಂದದ್ದು 1988ರಲ್ಲಿ, ಸೋಲ್‌ನಲ್ಲಿ. ಗಾಲಿಕುರ್ಚಿಯವರು ಈ ಆಟವನ್ನು ಜಗತ್ತಿನ ದೊಡ್ಡ ಕೂಟದಲ್ಲಿ ಆಡತೊಡಗಿ 28 ವರ್ಷವಾದ ಮೇಲೆ!

ಭಾರತ ಮೊದಲ ಸಲ ಪ್ಯಾರಾಲಿಂಪಿಕ್ಸ್‌ಗೆ ಹೋದದ್ದು 1968ರಲ್ಲಿ, ಟೆಲ್ ಅವೀವ್‌ಗೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳಿಕಾಂತ್ ಪೇಟ್ಕರ್ ಅಲ್ಲಿ ಆಡಿದ ಆಟಗಳಲ್ಲಿ ಟೇಬಲ್ ಟೆನಿಸ್ ಕೂಡ ಒಂದು; ಮೊದಲ ಸುತ್ತು ಗೆದ್ದರು. 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಈಜಿನ ಚಿನ್ನ ಗೆದ್ದು ದೇಶದ ಮೊದಲ ಪ್ಯಾರಾಲಿಂಪಿಕ್ಸ್ ಚಿನ್ನ ತಂದವರು ಅವರೇ. ಅಲ್ಲಿಂದ ಟೇಬಲ್ ಟೆನಿಸ್‌ನಲ್ಲಿ ಒಂದು ಪದಕ ಬರಲು ಅರ್ಧ ಶತಮಾನ ಬೇಕಾಯಿತು.

ಆ ಪದಕ ಬಂದ ವಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಟೋಕಿಯೊಗೆ ಹೋದಾಗ ಭಾವಿನಾ ವಿಶ್ವದ 12ನೇ ಸ್ಥಾನದಲ್ಲಿದ್ದರು. ಮೊದಲ ಪಂದ್ಯದಲ್ಲೇ ಚೀನಾದ ಝೌ ಯಿಂಗ್ ಎದುರು 0-3ರಿಂದ ಸೋತರು. ಎರಡನೆಯದು ಗೆದ್ದು ಗುಂಪು ದಾಟಿದರು. ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದವರು ರಿಯೊ ಚಿನ್ನದ ಒಡತಿ, ಸರ್ಬಿಯಾದ ಬೋರಿಸ್ಲಾವಾ ಪೆರಿಚ್. 11-5, 11-6, 11-7. ಸೆಮಿಫೈನಲ್‌ನಲ್ಲಿ ಚೀನಾದ ಝಾಂಗ್ ಮಿಯಾವೊ. ಅದುವರೆಗೆ ಒಮ್ಮೆಯೂ ಝಾಂಗ್ ಅವರನ್ನು ಭಾವಿನಾ ಸೋಲಿಸಿರಲಿಲ್ಲ. ಮೊದಲ ಗೇಮ್ 7-11ರಿಂದ ಹೋಯಿತು. ಮುಂದಿನ ಎರಡನ್ನು ಗೆದ್ದರು, ನಾಲ್ಕನೆಯದು 9-11, ಕೊನೆಯದು 11-8. ಆಗಸ್ಟ್ 29ರ ಫೈನಲ್‌ನಲ್ಲಿ ಮತ್ತೆ ಅದೇ ಝೌ ಯಿಂಗ್, 2008 ಮತ್ತು 2012ರ ಚಾಂಪಿಯನ್, 0-3. ಬೆಳ್ಳಿ. ಮೂರು ವರ್ಷದ ಮೇಲೆ ಪ್ಯಾರಿಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಇಬ್ಬರೂ ಮತ್ತೆ ಮುಖಾಮುಖಿಯಾದರು. ಭಾವಿನಾ ಈ ಸಲವೂ ಸೋತರು, ಆದರೆ ಒಂದು ಗೇಮ್ ಕಸಿದುಕೊಂಡರು. ಬ್ಯಾಟು ಹಿಡಿದಾಗಿನಿಂದ ಆ ಒಂದು ಗೇಮ್‌ವರೆಗೆ ಸುಮಾರು ಇಪ್ಪತ್ತು ವರ್ಷ. ಆಟದಲ್ಲಿ ಮುಂದುವರಿಯುವುದು ಎಂದರೆ ಬಹುಪಾಲು ಇಷ್ಟೇ ಇಷ್ಟು ಜರುಗುವುದು. ವರ್ಷಕ್ಕೊಂದು ದಿನದ ಕ್ರೀಡಾಕೂಟ ಸಾಲದು ಎಂದು ನಾನು ಮೇಲೆ ಹೇಳಿದ್ದು ಇದಕ್ಕೇ.

ಕರ್ನಾಟಕದ ಮಟ್ಟಿಗೆ ಪ್ಯಾರಾಲಿಂಪಿಕ್ಸ್ ಪದಕಗಳು ಬೇರೆ ಆಟಗಳಲ್ಲಿ ಬಂದಿವೆ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರಲ್ಲಿ ಲಂಡನ್‌ನಲ್ಲಿ 1.74 ಮೀಟರ್ ಹೈಜಂಪ್ ಮಾಡಿ ಬೆಳ್ಳಿ ಗೆದ್ದರು. ಹಾಸನದಲ್ಲೇ ಹುಟ್ಟಿ ಉತ್ತರ ಪ್ರದೇಶದಲ್ಲಿ ಐ.ಎ.ಎಸ್. ಅಧಿಕಾರಿಯಾಗಿರುವ ಎಲ್.ವೈ. ಸುಹಾಸ್ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ತಂದರು. ಇವರಿಗೆಲ್ಲ ಮುಂಚೆ ದಾರಿ ಮಾಡಿದವರು ಉಡುಪಿ ಕಡೆಯ ಕೋಟದ ಮಾಲತಿ ಹೊಳ್ಳ. ಕೂಸಾಗಿದ್ದಾಗ ಬಂದ ಜ್ವರದಿಂದ ದೇಹ ಸೋತು, ಬಾಲ್ಯದ ಬಹುಕಾಲವನ್ನು ಚೆನ್ನೈನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ ಕಳೆದವರು. ಗಾಲಿಕುರ್ಚಿ ಓಟ, ಗುಂಡು, ಡಿಸ್ಕಸ್, ಜಾವೆಲಿನ್‌ಗಳಲ್ಲಿ ದೇಶಕ್ಕೆ ಆಡಿ 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದರು. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು, ಕಣ್ಣು ಕಾಣದ ಓಟಗಾರ್ತಿ, ಓದಿದ್ದು ಚಿಕ್ಕಮಗಳೂರಿನ ಆಶಾಕಿರಣ ಅಂಧಮಕ್ಕಳ ಶಾಲೆಯಲ್ಲಿ. 1500 ಮೀಟರ್‌ನಲ್ಲಿ 2018ರ ಜಕಾರ್ತ, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಪ್ಯಾರಾ ಕೂಟಗಳೆರಡರಲ್ಲೂ ಚಿನ್ನ. ಚಿಕಿತ್ಸೆಗೆಂದು ಹೋದವರು, ಓದಿಗೆಂದು ಹೋದವರು. ಹಲವರ ಕಥೆಯಲ್ಲಿ ಇರುವುದು ಭಾವಿನಾ ಕಥೆಯದೇ ಎಳೆ.

ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಇಂಥ ಜಾಗಗಳು ಇಲ್ಲವೆನ್ನಲಾಗದು. ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ವಿಶೇಷ ಅಗತ್ಯದ ಮಕ್ಕಳಿಗೆಂದು ಬಿ.ಐ.ಇ.ಆರ್.ಟಿ. ಶಿಕ್ಷಕರ ಹುದ್ದೆಗಳಿವೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವುದು ಅವರ ಕೆಲಸದ ಭಾಗ. ಯಾವ ಹಳ್ಳಿಯ ಯಾವ ಮನೆಯಲ್ಲಿ ಯಾವ ಮಗುವಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ (ವಿ.ಆರ್.ಡಬ್ಲ್ಯೂ.), ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ (ಎಂ.ಆರ್.ಡಬ್ಲ್ಯೂ.) ಇರುತ್ತಾರೆ, ತಾವೇ ವಿಕಲಚೇತನರಾಗಿದ್ದುಕೊಂಡು ಇತರರ ಅರ್ಜಿ, ಕಾರ್ಡು, ಮಾಸಾಶನಕ್ಕಾಗಿ ಓಡಾಡುವವರು. ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ಖರ್ಚು ಮಾಡಬೇಕೆಂಬ ಆದೇಶವಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಕಲಮು ಕ್ರೀಡೆಗೇ ಮೀಸಲು. ಜನರಿದ್ದಾರೆ, ಕಾನೂನಿದೆ, ಸ್ವಲ್ಪ ಹಣವೂ ಇದೆ. ಇವೆಲ್ಲ ಬಂದು ಸೇರುವ ಒಂದು ಟೇಬಲ್ ಇಲ್ಲ.

ಈಗ ಟೇಬಲ್ ಟೆನಿಸ್ಸೇ ಏಕೆ ಎಂಬ ಪ್ರಶ್ನೆಗೆ ಬರುತ್ತೇನೆ. ಈಜಿಗೆ ಕೊಳ ಬೇಕು, ಗಾಲಿಕುರ್ಚಿ ಓಟಕ್ಕೆ ಟ್ರ್ಯಾಕ್ ಬೇಕು, ದುಬಾರಿ ರೇಸಿಂಗ್ ಕುರ್ಚಿ ಬೇಕು. ಟೇಬಲ್ ಟೆನಿಸ್‌ಗೆ ಒಂದು ಕೋಣೆ ಸಾಕು. ಗಾಲಿಕುರ್ಚಿ ಪಂದ್ಯದ ಅಂಕಣವನ್ನು 8 ಮೀಟರ್ ಉದ್ದ, 6 ಮೀಟರ್ ಅಗಲಕ್ಕೆ ಇಳಿಸಲು ಅಂತರರಾಷ್ಟ್ರೀಯ ಫೆಡರೇಷನ್ನಿನ ನಿಯಮವೇ ಒಪ್ಪುತ್ತದೆ. ಅಂದರೆ ಸುಮಾರು 26 ಅಡಿಗೆ 20 ಅಡಿ. ವಿಶ್ವ ಚಾಂಪಿಯನ್‌ಷಿಪ್‌ನಂಥ ಕೂಟಗಳನ್ನು ಬಿಟ್ಟರೆ ಗಾಲಿಕುರ್ಚಿಯವರಿಗೆ ಕಾಂಕ್ರೀಟ್ ನೆಲವೂ ನಡೆಯುತ್ತದೆ. ನಮ್ಮ ಸಮುದಾಯ ಭವನಗಳಲ್ಲಿ ಇಂಥ ಜಾಗಕ್ಕೆ ಕೊರತೆಯಿಲ್ಲ. ಮದುವೆಯಿಲ್ಲದ ದಿನ ಅವು ಬೀಗ ಹಾಕಿಕೊಂಡಿರುತ್ತವೆ. ಬಿಸಿಲು, ಮಳೆ ಅಡ್ಡಿಯಿಲ್ಲ. ವಯಸ್ಸಿನ ಹಂಗಿಲ್ಲ. ಎಲ್ಲಕ್ಕಿಂತ ದೊಡ್ಡದು, ಒಂದೇ ಟೇಬಲ್ಲಿನ ಆಚೆ ಊನವಿಲ್ಲದ ಅಣ್ಣನೋ ತಂಗಿಯೋ ಗೆಳೆಯನೋ ನಿಂತು ಆಡಬಹುದು. ಕಬಡ್ಡಿಯಲ್ಲಿ ಇದು ಆಗದು.

ಕುರ್ಚಿಯದೇ ಚಿಂತೆ ಎನ್ನುವವರಿಗೆ ಒಂದು ಮಾತು. ಶಿಬಿರಗಳಲ್ಲಿ ಹಂಚುವ ಗಾಲಿಕುರ್ಚಿಗಳು ಭಾರ, ಅವುಗಳ ಕೈಹಿಡಿ ಟೇಬಲ್ಲಿಗೆ ತಾಗುತ್ತದೆ, ನಿಜ. ಸ್ಪರ್ಧೆಗೆ ಅವು ಆಗಿಬರುವುದಿಲ್ಲ. ಆದರೆ ಚೆಂಡಿನ ಸ್ಪಿನ್ ಅರಿಯಲು, ಬ್ಯಾಟಿನ ಕೋನ ಕೈಗೆ ಕೂರಲು ಕೈಹಿಡಿಯಿಲ್ಲದ ಮಾಮೂಲಿ ಕುರ್ಚಿಯಲ್ಲಿ ಕುಳಿತರೂ ಆದೀತು. 6ರಿಂದ 11ನೇ ವರ್ಗದವರಿಗೆ ಕುರ್ಚಿಯ ಪ್ರಶ್ನೆಯೇ ಇಲ್ಲ.

ಗಂಭೀರವಾದ ಆಕ್ಷೇಪ ಬೇರೆಯಿದೆ. ಶೌಚಾಲಯಕ್ಕೆ ಹೋಗಲು ಇಳಿಜಾರಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ, ಹಾಸಿಗೆ ಹುಣ್ಣಿಗೆ ಮದ್ದು ಹಾಕುವವರಿಲ್ಲ. ಇದರ ನಡುವೆ ಆಟವೇ? ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಮರದಿಂದ ಬಿದ್ದು ನಾಲ್ಕು ವರ್ಷದಿಂದ ಒಂದೇ ಕೋಣೆಯಲ್ಲಿ ಮಲಗಿರುವವನಿಗೆ ಮೊದಲು ಬೇಕಾದ್ದು ಒಳ್ಳೆಯ ದಿಂಬು, ನರ್ಸು, ಹೊರಗೆ ಬರಲು ಹೊಸ್ತಿಲಿಲ್ಲದ ಬಾಗಿಲು. ಆದರೆ ಗುಟ್ಮನ್ ಕಂಡುಕೊಂಡದ್ದೂ ಇದನ್ನೇ ಅಲ್ಲವೇ? ಎದ್ದು ಕೂರಲು ಒಂದು ಕಾರಣ ಬೇಕು. ಆಡಲು ಹೋಗಬೇಕೆಂಬ ಆಸೆ ಹುಟ್ಟಿದವನು ಇಳಿಜಾರು ಎಲ್ಲಿ ಎಂದು ಪಂಚಾಯಿತಿಯಲ್ಲಿ ಜೋರಾಗಿ ಕೇಳುತ್ತಾನೆ. ಸಮುದಾಯ ಭವನದ ಬಾಗಿಲಿಗೆ ಆಟಕ್ಕೆಂದು ಹಾಕಿಸಿದ ರ್‍ಯಾಂಪ್ ಮೇಲೆಯೇ ಅವನು ಗ್ರಾಮಸಭೆಗೂ ಬರುತ್ತಾನೆ, ನೆಂಟರ ಮದುವೆಗೂ ಬರುತ್ತಾನೆ.

ಪೋಲಿಯೊ ಹೋಯಿತಲ್ಲ, ಇನ್ನು ಆಡುವವರೆಲ್ಲಿ ಎಂದು ಕೇಳುವವರೂ ಇದ್ದಾರೆ. ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತ ಎಂಬ ಘೋಷಣೆ ಬಂತು. ಅದು ನಮ್ಮ ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮನೆಮನೆ ಸುತ್ತಿ ಗೆದ್ದ ಪದಕ. ಆದರೆ ಹೆರಿಗೆ ವೇಳೆಯ ತೊಂದರೆಯಿಂದ ಸೆರೆಬ್ರಲ್ ಪಾಲ್ಸಿ ಆದ ಮಕ್ಕಳಿದ್ದಾರೆ, ಹೆದ್ದಾರಿಯ ಬೈಕ್ ಅಪಘಾತದಲ್ಲಿ ಕಾಲು ಕಳೆದುಕೊಂಡ ಯುವಕರಿದ್ದಾರೆ. ಪೋಲಿಯೊ ಕಾಲದ ಅಕ್ಕಂದಿರು ಅಣ್ಣಂದಿರು ಇನ್ನೂ ಮೂವತ್ತು ನಲವತ್ತರ ಹರೆಯದಲ್ಲಿದ್ದಾರೆ. ಆ ವಯಸ್ಸು ಈ ಆಟಕ್ಕೆ ಹೆಚ್ಚೇನಲ್ಲ: ಬರ್ಮಿಂಗ್‌ಹ್ಯಾಂ ಚಿನ್ನ ಗೆದ್ದಾಗ ಭಾವಿನಾ ಅವರಿಗೆ 35.

ಮುಂದಿನ ಮೆಟ್ಟಿಲುಗಳು ಸಿದ್ಧವಾಗಿವೆ. 2023ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಶುರುವಾದ ಖೇಲೊ ಇಂಡಿಯಾ ಪ್ಯಾರಾ ಗೇಮ್ಸ್‌ನಲ್ಲಿ ಟೇಬಲ್ ಟೆನಿಸ್ ಇದೆ, 2025ರ ಎರಡನೇ ಕೂಟದಲ್ಲೂ ಇತ್ತು. ಆದರೆ ವೆಚ್ಚ ತಗ್ಗಿಸಲು ಕ್ರೀಡೆಗಳನ್ನು ಹತ್ತಕ್ಕೆ ಇಳಿಸಿದ 2026ರ ಗ್ಲಾಸ್ಗೊ ಕಾಮನ್‌ವೆಲ್ತ್ ಪಟ್ಟಿಯಲ್ಲಿ ಈ ಆಟ ಬಿಟ್ಟುಹೋಗಿದೆ. ಗೆದ್ದವರಿಗೆ ಪಟ್ಟ ಉಳಿಸಿಕೊಳ್ಳುವ ಅವಕಾಶವೇ ಇಲ್ಲವಾದದ್ದು ನನಗೆ ಅನ್ಯಾಯವೆನಿಸುತ್ತದೆ. 2030ರ ಕೂಟ ಅಹಮದಾಬಾದಿಗೆ ಬಂದಿದೆ. ಆ ಹೊತ್ತಿಗೆ ಕೊಳಾಲದಿಂದ ಒಬ್ಬರು ಅಲ್ಲಿಗೆ ಹೋಗಿಬಿಡುತ್ತಾರೆ ಎಂದು ಹೇಳುವುದು ಸುಳ್ಳಾಗುತ್ತದೆ. ಇಪ್ಪತ್ತು ವರ್ಷದ ಲೆಕ್ಕವನ್ನು ಈಗಷ್ಟೇ ನೋಡಿದೆವು. ತಾಲ್ಲೂಕು ತಂಡವೊಂದು ಆಗಬಹುದು. ಮಧುಗಿರಿಯ ಕ್ರೀಡಾಕೂಟದಲ್ಲಿ ಕುಳಿತು ಆಡುವವರಿಗೂ ನಿಂತು ಆಡುವವರಿಗೂ ಪ್ರತ್ಯೇಕ ಟಿ.ಟಿ. ಸ್ಪರ್ಧೆ ಇಡಬಹುದು, ಅದನ್ನು ಡಿಸೆಂಬರ್ 3ಕ್ಕೆ ಕಾಯಿಸದೆ ಉಳಿದ ಮಕ್ಕಳ ಪಂದ್ಯದ ದಿನವೇ ನಡೆಸಬಹುದು.

ಪಂಚಾಯಿತಿಯೋ ಶಾಲೆಯೋ ಟೇಬಲ್ ಕೊಳ್ಳಲು ಮುಂದಾದರೆ ಅಂಗಡಿಗೆ ಅಳತೆಪಟ್ಟಿ ಒಯ್ಯಲಿ. ಗಾಲಿಕುರ್ಚಿಯವರು ಆಡುವ ಟೇಬಲ್ಲಿನ ಕಾಲುಗಳು ಹಿಂಬದಿಯ ಅಂಚಿನಿಂದ ಕನಿಷ್ಠ 40 ಸೆಂ.ಮೀ. ಒಳಗಿರಬೇಕು, ಇಲ್ಲವಾದರೆ ಮಂಡಿಯೋ ಚಕ್ರವೋ ತಾಗಿ ಹತ್ತಿರ ಬರಲಾಗದು. ಕಾಲುಗಳು ಮೂಲೆಗೇ ಇರುವ ಟೇಬಲ್ ತಂದರೆ ಅದು ನಿಂತು ಆಡುವವರದಾಗಿಯೇ ಉಳಿಯುತ್ತದೆ. ಬಿಲ್ ಬರೆಸುವ ಮುಂಚೆ ತಾಲ್ಲೂಕಿನ ಎಂ.ಆರ್.ಡಬ್ಲ್ಯೂ. ಅವರನ್ನೋ ಗಾಲಿಕುರ್ಚಿ ಬಳಸುವ ಊರಿನವರೊಬ್ಬರನ್ನೋ ಜೊತೆಗೆ ಕರೆದುಕೊಂಡು ಹೋಗಿ, ಟೇಬಲ್ಲಿನ ಮುಂದೆ ಕೂರಿಸಿ ನೋಡಲಿ.